ನಾರು ಹರಿದ ರವಿವಾರ

"ಆ ರವಿವಾರ ಆರಾಧನೆಯ ಗಂಟೆ ಕೇಳಿದ ಕೂಡಲೇ ದಾನಿಯೇಲಪ್ಪನವರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ದೇವರ ಮನೆಗೆ ಓಡಿದರು. ಸರಕಾರದ ನೌಕರಿಯನ್ನು ಮೊದಲೇ ಒಲ್ಲೆನೆಂದಿದ್ದ ಅವರು ಅಂದು ಲೋಕವನ್ನೂ ಒಲ್ಲೆನೆಂದು ದೇವರ ಸೇವೆಯನ್ನೇ ಆರಿಸಿಕೊಂಡರು."

ನಮ್ಮ ಸಭೆಯವರು ಇತ್ತೀಚೆಗೆ ಅಚ್ಚು ಹಾಕಿಸಿದ ನೆನಪಿನ ಹೊತ್ತಗೆಯಲ್ಲಿ ನನ್ನ ಬಗ್ಗೆ ಹೀಗೆ ಎರಡು ವಾಕ್ಯಗಳಿವೆ. ಯುವಕರ ಕೂಟಗಳಲ್ಲಿ ಇವನ್ನು ಗಟ್ಟಿಯಾಗಿ ಓದಿಸುತ್ತಾರಂತೆ. ದವಾಖಾನೆಯ ಕೆಲಸ ಕಲಿಯಲು ಹೊರಟಿದ್ದ ಮೂವರು ಹೋದ ತಿಂಗಳು ನನ್ನ ಮನೆ ಹುಡುಕಿಕೊಂಡು ಬಂದು, ಆ ಹೊತ್ತಿನಲ್ಲಿ ನಿಮಗೆ ಏನನ್ನಿಸಿತು ಎಂದು ಕೇಳಿದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ, ಉತ್ತರ ಕೊಡಲಿಲ್ಲ. ಕೊಡದೇ ಇದ್ದುದು ನನ್ನನ್ನು ಕಾಡುತ್ತಿರುವುದರಿಂದ ಈಗ ಬರೆಯುತ್ತಿದ್ದೇನೆ.

ಅಚ್ಚಾದ ಮಾತನ್ನು ಒಮ್ಮೆಲೇ ನಂಬುವ ಸ್ವಭಾವ ನನ್ನದಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಉರ್ದುವನ್ನು ಹಳೆಯ ಪತ್ರಿಕೆಗಳಿಂದಲೂ ಇಂಗ್ಲಿಷನ್ನು ಔಷಧದ ಶೀಶೆಗಳ ಮೇಲಿನ ಚೀಟಿಗಳಿಂದಲೂ ಕಲಿತುಕೊಂಡೆ. ಹಾಗೆ ಕಲಿತವನಿಗೆ ಒಂದು ಸಂಗತಿಯನ್ನು ಎರಡು ಕಡೆ ನೋಡಿ ಹೋಲಿಸುವ ಚಟ ಅಂಟಿಕೊಳ್ಳುತ್ತದೆ. ಮೇಲಿನ ಎರಡು ವಾಕ್ಯಗಳನ್ನು ನನ್ನ ನೆನಪಿನೊಡನೆ ಹೋಲಿಸಿದಾಗ ಗಂಟೆಯೊಂದು ನಿಜ, ನಾನು ಓಡಿದ್ದೊಂದು ನಿಜ. ಉಳಿದದ್ದು ನಿಜವಲ್ಲ.

ಮೊದಲು ಸರಕಾರಿ ನೌಕರಿಯ ಮಾತು ಮುಗಿಸುತ್ತೇನೆ. ಮೂವತ್ತರ ದಶಕದಲ್ಲಿ ಯಲಬುರ್ಗಾದಲ್ಲಿ ಜಹಗೀರಿನ ಕಚೇರಿ ಇತ್ತು, ಅಲ್ಲಿಯ ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಸಿಡುಬು ಬಾರದಂತೆ ತೋಳಿಗೆ ದೇವಿ ಹಾಕುವವನೊಬ್ಬ ಬೇಕಾಗಿದ್ದಾನೆಂದು ಕೇಳಿ ನಾನು ಅರ್ಜಿ ಹಿಡಿದು ಹೋದೆ. ಅಲ್ಲಿಯ ಕಾರಕೂನರು ಒಂದು ಕಾಗದವನ್ನು ಮುಂದೆ ಚಾಚಿ ಓದು ಎಂದರು. ನಾನು ಕಲಿತದ್ದು ಅಚ್ಚಿನ ಉರ್ದು. ಅವರು ಕೊಟ್ಟದ್ದು ಕಚೇರಿಯ ಓಡುಗೈಯ ಬರಹ. ಒಂದೇ ಸಾಲಿನಲ್ಲಿ ನಾಲ್ಕು ಕಡೆ ನಿಂತೆ. ಅವರು ಕಾಗದವನ್ನು ಹಿಂದಕ್ಕೆ ಎಳೆದುಕೊಂಡು, "ಮುಂದಿನ ಜನ್ಮದಾಗ ಬಾರಪಾ," ಎಂದರು. ನಮ್ಮ ಮತದಲ್ಲಿ ಆ ಸವಲತ್ತು ಇಲ್ಲವೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಒಲ್ಲೆನೆಂದದ್ದು ನಾನಲ್ಲ, ಕಚೇರಿ.

ಹೀಗೆ ಬೇರೆ ದಾರಿ ಕಾಣದೆ ಮಿಷನ್ನಿನ ದವಾಖಾನೆಯಲ್ಲಿ ಕಂಪೌಂಡರನಾಗಿ ಉಳಿದೆ. ಯಲಬುರ್ಗಾದಿಂದ ಕುಷ್ಟಗಿಯ ಕಡೆಗೆ ಹೋಗುವ ಹಾದಿಯಲ್ಲಿದ್ದ ಒಂದು ದೊಡ್ಡ ಊರಿನ ಅಂಚಿನಲ್ಲಿ ಎರಡು ಕೋಣೆ, ಮುಂದೆ ಒಂದು ಕಟ್ಟೆ. ಡಾಕ್ಟರು ತಿಂಗಳಿಗೊಮ್ಮೆ ಬರುವರು. ಉಳಿದ ದಿನಗಳಲ್ಲಿ ನಾನೊಬ್ಬನೇ. ನನ್ನ ತಂದೆತಾಯಿ ಗಂಗಾವತಿಯ ಕಡೆಯ ಕೇರಿಯವರು, ನಾನು ಹುಟ್ಟುವ ಮೊದಲೇ ಕ್ರೈಸ್ತರಾದವರು. ಆದರೆ ಊರಿಗೆ ನಾವು ಕೇರಿಯವರಾಗಿಯೇ ಉಳಿದಿದ್ದೆವು. ನನ್ನ ಕೈಯಿಂದ ಗುಳಿಗೆ ತೆಗೆದುಕೊಳ್ಳುವವರು ಅದನ್ನು ನುಂಗಲು ತಮ್ಮ ಮನೆಯಿಂದ ತಂಬಿಗೆಯಲ್ಲಿ ನೀರು ತರುತ್ತಿದ್ದರು. ಮಾತು ಮರ್ಯಾದೆಯದೇ, "ಬರ್ರಿ, ನೋಡ್ರಿ" ಎಂದೇ. ಆದರೆ ಹೊಸ್ತಿಲ ಒಳಗೆ ಕರೆದವರಿಲ್ಲ. ನನಗೆ ಮದುವೆಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ರೊಟ್ಟಿ ಬಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದೆ. ಬಾಗಿಲ ಕಡೆ ಮುಖ ಮಾಡಿದರೆ ದಾರಿಹೋಕರು ಕಣ್ಣು ತಪ್ಪಿಸಿಕೊಂಡು ಹೋಗುವುದು ಕಾಣುತ್ತಿತ್ತು.

ಬೇಸಿಗೆ ಬಂತೆಂದರೆ ನಮ್ಮಲ್ಲಿ ಬರುವವರ ಪೈಕಿ ಅರ್ಧಕ್ಕರ್ಧ ನಾರುಹುಣ್ಣಿನವರು. ಈಗಿನವರು ಆ ರೋಗವನ್ನು ಕಂಡಿಲ್ಲ. ಕಾಲಿನಲ್ಲಿ ಬೊಕ್ಕೆ ಎದ್ದು ಒಡೆದು, ಅದರ ಬಾಯಿಂದ ಬಿಳಿಯ ದಾರದಂಥ ಹುಳ ತಲೆ ಹಾಕುತ್ತದೆ. ಒಂದು ಮೊಳಕ್ಕಿಂತ ಉದ್ದ. ಅದನ್ನು ಬೇವಿನ ಕಡ್ಡಿಗೆ ಸುತ್ತುತ್ತ ದಿನಕ್ಕೆ ಒಂದೆರಡು ಬೆರಳಿನಷ್ಟು ಮಾತ್ರ ಹೊರತೆಗೆಯಬೇಕು. ಅವಸರ ಮಾಡಿ ಎಳೆದರೆ ಹರಿಯುತ್ತದೆ; ಹರಿದು ಒಳಗೆ ಉಳಿದದ್ದು ಕಾಲನ್ನೇ ಕೊಳೆಸುತ್ತದೆ.

ಈ ಕೆಲಸವನ್ನು ನನಗೆ ಕಲಿಸಿದವರು ಡಾಕ್ಟರಲ್ಲ, ಊರಿನ ಹಜಾಮ ಮೌಲಾಸಾಬರು. ನನ್ನ ಕಟ್ಟೆಗೆ ಬಂದು ಕೂತು ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದ ಒಬ್ಬರೇ ಮನುಷ್ಯರು ಅವರು. ಅದು ನನಗೆ ಹಿತವಾಗಿಯೇ ಇತ್ತು. ನಾನು ಮೊದಲ ಸಲ ಕಡ್ಡಿ ಹಿಡಿದು ಅವಸರ ಮಾಡುವುದನ್ನು ನೋಡಿ, "ದಾನ್ಯಾ, ಹುಳಾ ತಾನಾಗೇ ಬರ್ತೈತಿ. ಅದು ಕೊಟ್ಟಷ್ಟು ತಗೋ. ಹೊತ್ತಾತು ಅಂತ ಜಗ್ಗಬ್ಯಾಡ," ಎಂದಿದ್ದರು.

ಇನ್ನು ರವಿವಾರ. ಅರ್ಧ ಹರದಾರಿ ದೂರದ ಕೇರಿಯಲ್ಲಿ ನಮ್ಮ ಪ್ರಾರ್ಥನಾಲಯವಿತ್ತು. ಗಾಳಿ ಈ ಕಡೆಗಿದ್ದರೆ ಅದರ ಗಂಟೆ ದವಾಖಾನೆಗೆ ಕೇಳುತ್ತಿತ್ತು. ಮೂರು ಕೇರಿಗಳ ಜನ ಸೇರುತ್ತಿದ್ದರು. ಆರಾಧನೆಯಾದ ಮೇಲೆ ಚಾಪೆಯ ಮೇಲೆ ಸಾಲಾಗಿ ಕೂತು ಒಂದೇ ಪರಾತದ ರೊಟ್ಟಿ ಹಂಚಿಕೊಂಡು ಉಣ್ಣುವ ಪದ್ಧತಿ. ಅಲ್ಲಿ ನನ್ನ ಭುಜಕ್ಕೆ ಇನ್ನೊಬ್ಬರ ಭುಜ ತಾಗುತ್ತಿತ್ತು. ವಾರದ ಆರು ದಿನವೂ ನಾನು ಕಾಯುತ್ತಿದ್ದದ್ದು ಆ ಚಾಪೆಯನ್ನು. ನನ್ನ ಮೇಲೆ ಭಕ್ತಿಯ ಹೊರೆ ಹೊರಿಸುವವರು ಇದನ್ನು ಗಮನಿಸಬೇಕು.

ನಾರು ದಿನವೂ ಸುತ್ತಬೇಕಾದದ್ದರಿಂದ ರವಿವಾರವೂ ರೋಗಿಗಳು ಬರುತ್ತಿದ್ದರು. ಆ ರವಿವಾರ ಕೊನೆಗೆ ಉಳಿದಿದ್ದವರು ನೇಕಾರ ಸಂಗಪ್ಪ. ನನಗಿಂತ ಒಂದೆರಡು ವರ್ಷ ಹಿರಿಯರು, ಸೀರೆಯ ಅಂಚು ನೇಯುವುದರಲ್ಲಿ ಹೆಸರಾದವರು. ಮೊಣಕಾಲಿನ ಹತ್ತಿರ ಹುಳ. ಹನ್ನೊಂದು ದಿನ ಸುತ್ತಿದ್ದೆವು. ಇನ್ನೂ ನಾಲ್ಕೈದು ದಿನದ್ದಿತ್ತು. ಮೊದಲ ಗಂಟೆ ಬಾರಿಸಿತು. ನಾನು ತಲೆ ಎತ್ತಿದ್ದನ್ನು ಕಂಡು ಸಂಗಪ್ಪ ಹೇಳಿದರು:

"ಗಂಟಿ ಆತಲ್ರಿ ನಿಮ್ಮದು. ಹೋಗಿಬರ್ರಿ, ನಾ ಇಲ್ಲೇ ಕಟ್ಟಿ ಮ್ಯಾಲ ಕುಂತಿರ್ತೀನಿ."

ಆ ಮನುಷ್ಯ ಕಾಯಲು ಸಿದ್ಧರಿದ್ದರು. ಆದರೆ ಅವರನ್ನು ಕೂರಿಸಿ ಹೋದರೆ ಆರಾಧನೆ ಮುಗಿದ ಕೂಡಲೇ ತಿರುಗಿ ಬರಬೇಕು, ಚಾಪೆಯ ಮೇಲೆ ಕೂರಲಾಗದು. ನಾಳೆ ಬರ್ರಿ ಎಂದು ಕಡ್ಡಿಯನ್ನು ಕಾಲಿಗೆ ಕಟ್ಟಿ ಕಳಿಸಬಹುದಿತ್ತು; ಆ ದಿನದ ಎರಡು ಬೆರಳಿನಷ್ಟು ಹುಳ ಇನ್ನೂ ಬಂದಿರಲಿಲ್ಲವಾದ್ದರಿಂದ ಅದಕ್ಕೂ ಮನಸ್ಸಾಗಲಿಲ್ಲ. ಎರಡನೆಯ ಗಂಟೆ ಬಾರಿಸಿತು. ಕಡ್ಡಿಯನ್ನು ತಿರುಗಿಸಿದೆ. ಮತ್ತೆ ತಿರುಗಿಸಿದೆ. ಹುಳ ಬಿಗಿಯಾಯಿತು, ಮರುಕ್ಷಣ ಒಮ್ಮೆಲೇ ಸಡಿಲವಾಯಿತು. ತುದಿಯನ್ನು ನೋಡಿದೆ. ಹರಿದಿತ್ತು.

"ಪೂರಾ ಬಂತ್ರಿ, ಸಂಗಪ್ಪಾರ," ಎಂದೆ.

ಅವರಿಗೆ ಸಂತೋಷವಾಯಿತು. ಹುಳ ಸುತ್ತಿದ ಕಡ್ಡಿಯನ್ನು ಮನೆಯಲ್ಲಿ ತೋರಿಸುತ್ತೇನೆಂದು ಕೇಳಿ ತೆಗೆದುಕೊಂಡರು. ಗಾಯದ ಬಾಯನ್ನು ತೆರೆದಿಡಬೇಕಾಗಿದ್ದವನು, ಮುಗಿದ ಕೆಲಸಕ್ಕೆ ಹಾಕುವಂತೆ ಬಿಗಿಯಾಗಿ ಪಟ್ಟಿ ಕಟ್ಟಿ, ಅವರ ಮನೆಯ ಮುಂದಿನ ದಾರಿಯಿಂದಲೇ ಪ್ರಾರ್ಥನಾಲಯಕ್ಕೆ ಓಡಿದೆ. ಕೈಯಲ್ಲಿ ಔಷಧದ ವಾಸನೆ ಇನ್ನೂ ಇತ್ತು. ನಮ್ಮ ಸಭೆಯ ಬೋಧಕರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದೆವು. ಅವರೇ ದವಾಖಾನೆಯ ಮೇಲ್ವಿಚಾರಕರೂ ಆಗಿದ್ದರು. ಅವರು ಪೀಠದಿಂದ ಬೋಧಿಸುವ ಅಂದಿನ ಪ್ರಸಂಗದ ನಡುವೆ ನನ್ನ ಕಡೆ ಕೈ ತೋರಿಸಿ, ಗಂಟೆ ಕೇಳಿ ಕೈ ತೊಳೆಯುವಷ್ಟೂ ತಡಮಾಡದೆ ಬಂದ ಈ ತಮ್ಮನನ್ನು ನೋಡಿರಿ ಎಂದರು. ಎಲ್ಲರೂ ನೋಡಿದರು. ಹೊತ್ತಗೆಯ ಎರಡು ವಾಕ್ಯಗಳು ಹುಟ್ಟಿದ್ದು ಅಲ್ಲಿ. ನಾನು ರೊಟ್ಟಿ ತಿಂದೆ. ಅದೂ ನೆನಪಿದೆ.

ಮೂರನೆಯ ದಿನ ಸಂಗಪ್ಪನ ಕಾಲು ಬಾತು ಜ್ವರ ಏರಿತು. ಅವರ ಹೆಂಡತಿ ನಾಗವ್ವ ದವಾಖಾನೆಗೆ ಬಂದರು. ನಾನು ಶಾಖ ಕೊಡಲು ಹೇಳಿ ಔಷಧ ಕೊಟ್ಟೆ, ಕಾರಣ ಹೇಳಲಿಲ್ಲ. ಕೊನೆಗೆ ಅವರು ಕರೆಸಿದ್ದು ಮೌಲಾಸಾಬರನ್ನು. ಮೌಲಾಸಾಬರು ಕೊಯ್ದು ಕೀವು ತೆಗೆದು ಪ್ರಾಣ ಉಳಿಸಿದರು, ಕಾಲನ್ನೂ ಉಳಿಸಿದರು. ಆದರೆ ಮೊಣಕಾಲು ನೆಟ್ಟಗೆ ನಿಂತುಬಿಟ್ಟಿತು, ಮತ್ತೆ ಮಡಚಲಿಲ್ಲ. ನೇಕಾರನು ಕುಣಿಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ಮಡಚದ ಕಾಲಿಗೆ ಆ ಕುಣಿಯಲ್ಲಿ ಜಾಗವಿಲ್ಲ.

ಮೌಲಾಸಾಬರು ಆ ಮನೆಯಿಂದ ನೇರವಾಗಿ ನನ್ನ ಕಟ್ಟೆಗೆ ಬಂದರು. ಕೈಯಲ್ಲಿ ಒಣಗಿದ ಕಡ್ಡಿ. ಈ ಹುಳಕ್ಕೆ ಕೊನೆಯಲ್ಲಿ ಕೊಕ್ಕೆಯಂತೆ ಬಾಗಿದ ಸಣ್ಣ ಬಾಲವಿರುತ್ತದೆ. ಅವರು ಕಡ್ಡಿಯನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು:

"ಬಾಲ ಎಲ್ಲೈತಿ?"

ನಾನು ಕಡ್ಡಿಯನ್ನು ಎತ್ತಿ ಮೇಜಿನ ಖಾನೆಯೊಳಗಿಟ್ಟೆ.

"ನಾ ಅವರಿಗೆ ಏನೂ ಹೇಳಿಲ್ಲ. ಅದು ನಿನ್ನ ಕೆಲಸ ದಾನ್ಯಾ, ನಂದಲ್ಲ," ಎಂದು ಎದ್ದು ಹೋದರು. ಆಮೇಲೆ ಬಹಳ ದಿನ ಕಟ್ಟೆಗೆ ಬರಲಿಲ್ಲ.

ಅಯ್ಯನವರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲವೆಂದು ಮೊದಲೇ ಬರೆದಿಡುತ್ತೇನೆ. ಅವರು ಧಾರವಾಡದ ಕಡೆಯವರು. ಎಲ್ಲ ಕೇಳಿ ಮುಗಿಸಿ ಹೇಳಿದರು: "ಊರವರಿಗೆ ಇದು ತಿಳೀತಂದ್ರ ನಾಳಿಂದ ದವಾಖಾನಿಗೆ ಯಾರೂ ಬರಾಂಗಿಲ್ಲ. ಒಂದು ಕಾಲಿನ ಸಲುವಾಗಿ ಹತ್ತು ಕಾಲು ಕೊಳೀತಾವ. ದೇವರ ಮುಂದ ಹೇಳೀಯಲ್ಲ ದಾನಪ್ಪ, ಅಲ್ಲಿಗೆ ಮುಗೀತು." ಅಷ್ಟರಲ್ಲಿ ಅವರು ನನ್ನನ್ನು ಉಪದೇಶಕನನ್ನಾಗಿ ಮಾಡಬೇಕೆಂದು ಶಿಫಾರಸು ಮಾಡಿದ್ದರು. ಉಪದೇಶಕನೆಂದರೆ ಕೇರಿಯಲ್ಲೇ ಮನೆ, ದಿನವೂ ಜನ, ದಿನವೂ ಚಾಪೆ. ಆ ಒಂಟಿ ಕೋಣೆಗೆ ಮತ್ತೆ ಹೋಗಬೇಕಾಗಿರಲಿಲ್ಲ.

ನಾಲ್ಕು ತಿಂಗಳು ನಾನು ಅಯ್ಯನವರ ಮಾತಿನ ನೆರಳಿನಲ್ಲಿ ಸುಮ್ಮನಿದ್ದೆ. ಕಡೆಗೆ ಬಾಯಿ ಬಿಡಿಸಿದ್ದು ದರ್ಶನವೂ ಅಲ್ಲ, ಕನಸೂ ಅಲ್ಲ. ಉಪದೇಶಕನಾಗುವವನು ಸಭೆಯ ಮುಂದೆ ಒಮ್ಮೆ ಪ್ರಸಂಗ ಮಾಡಬೇಕಿತ್ತು. ಮನುಷ್ಯನು ಯಾರ ಸೇವೆಯನ್ನು ಆರಿಸಿಕೊಳ್ಳಬೇಕು ಎಂಬ ವಿಷಯವನ್ನು ಅಯ್ಯನವರು ಕೊಟ್ಟರು. ಬರೆಯಲು ಕೂತೆ. ಒಂದು ಕಡೆ ದೇವರು, ಇನ್ನೊಂದು ಕಡೆ ಲೋಕ ಎಂದು ಬರೆದೆ. ಆ ರವಿವಾರವನ್ನು ಉದಾಹರಣೆಯಾಗಿ ಹಾಕಬೇಕೆಂದು ಅವರೇ ಹೇಳಿದ್ದರು. ಹಾಕಲು ನೋಡಿದರೆ ನಾನು ಬರೆದ ಎರಡು ಕಡೆಗಳಲ್ಲಿ ಸಂಗಪ್ಪನ ಕಾಲನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಲೋಕದ ಕಡೆ ಇಡಲು ಕೈ ಬರಲಿಲ್ಲ. ಹಾಗಾದರೆ ನಾನು ಓಡಿದ್ದು ಯಾವ ಕಡೆಯಿಂದ ಯಾವ ಕಡೆಗೆ? ಅಂದು ನನ್ನೆದುರಿಗಿದ್ದದ್ದು ಒಬ್ಬ ಮನುಷ್ಯನ ಕಾಲು ಮತ್ತು ನನ್ನ ಒಂಟಿತನದ ಹಸಿವು. ನಾನು ಹಸಿವಿನ ಸೇವೆ ಮಾಡಿ ಅದಕ್ಕೆ ದೇವರ ಹೆಸರಿಟ್ಟಿದ್ದೆ. ಪ್ರಸಂಗದ ಹಾಳೆಯನ್ನು ಮಡಚಿಟ್ಟು ನೇಕಾರರ ಓಣಿಗೆ ಹೋದೆ.

ಹೊಸ್ತಿಲ ಹೊರಗೆ ನಿಂತೆ. ಮಗ್ಗದ ಕುಣಿಯಲ್ಲಿ ನಾಗವ್ವ ಇದ್ದರು. ಅವರ ಪೈಕಿ ಹೆಂಗಸರು ಮಗ್ಗಕ್ಕೆ ಇಳಿಯುವ ರೂಢಿ ಇರಲಿಲ್ಲ. ಓಣಿಯವರು ಆಡಿಕೊಂಡು ನಗುತ್ತಿದ್ದ ಸುದ್ದಿ ನನ್ನ ಕಿವಿಗೂ ಬಿದ್ದಿತ್ತು. ಸಂಗಪ್ಪ ಗೋಡೆಗೆ ಒರಗಿ, ನೆಟ್ಟಗಿನ ಕಾಲನ್ನು ಮುಂದೆ ಚಾಚಿ, ಹೆಂಡತಿ ಮಾಡುತ್ತಿದ್ದ ಕೆಲಸ ಮಾಡುತ್ತಿದ್ದರು. ರಾಟಿ ತಿರುಗಿಸಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದರು.

"ಸಂಗಪ್ಪಾರ, ಆ ರವಿವಾರ ನಾರು ಪೂರಾ ಬಂದಿರಲಿಲ್ರಿ. ನನ್ನ ಕೈಯಾಗ ಹರೀತು. ಗೊತ್ತಿದ್ದೂ ಬಂತು ಅಂತ ಹೇಳಿದೆ."

ಮಗ್ಗ ನಿಂತಿತು. ರಾಟಿ ಇನ್ನೂ ನಾಲ್ಕಾರು ಸುತ್ತು ತಿರುಗಿ ನಿಂತಿತು.

"ಆವತ್ತ ಹೇಳಿದ್ದಿ ಅಂದ್ರ ಕಾಲು ಉಳೀತಿತ್ತೇನು?" ಅಂದಿನವರೆಗೆ ನನಗೆ ರೀ ಹಚ್ಚಿ ಮಾತಾಡುತ್ತಿದ್ದ ಸಂಗಪ್ಪ ಅದನ್ನು ಬಿಟ್ಟಿದ್ದರು.

"ಉಳೀತಿತ್ತು ಅಂತ ಕಾಣಸ್ತೈತ್ರಿ. ಗಾಯ ತೆರೆದಿಟ್ಟು ಆವತ್ತೇ ಮೌಲಾಸಾಬರನ್ನ ಕರೀಬೇಕಿತ್ತು."

"ನಾ ಕುಂತಿರ್ತೀನಿ ಅಂದಿದ್ನಲ್ಲೋ."

ನಾಗವ್ವ ಕುಣಿಯಿಂದ ಏಳಲಿಲ್ಲ, ದನಿ ಏರಿಸಲೂ ಇಲ್ಲ. "ನಿಮ್ಮ ಗುಡಿಗೆ ಹೋಗೂ ಹಾದಿ ನಮ್ಮ ಮನಿ ಮುಂದ ಐತಿ. ಹೋಗೂಮುಂದ ಬ್ಯಾಡ, ಬರೂಮುಂದರ ಒಂದು ಮಾತು ಹೇಳಬೇಕಿತ್ತು," ಎಂದರು. ಮಗ್ಗದ ಕಡೆ ತಿರುಗಿ, "ಹೋಗ್ರಿ. ಹಾಸಿನ ನೂಲಿಗೆ ಗಂಜಿ ಹಚ್ಚೇನಿ, ಒಣಗಿದ್ರ ಹರೀತೈತಿ," ಎಂದು ಮತ್ತೆ ತುಳಿಯತೊಡಗಿದರು.

ಅಯ್ಯನವರ ಅಂದಾಜು ಸುಳ್ಳಾಗಲಿಲ್ಲ. ಊರವರು ದವಾಖಾನೆಯನ್ನು ಬಿಟ್ಟರು. ಮುಂದಿನ ಬೇಸಿಗೆಯಲ್ಲಿ ಬರಬೇಕಾಗಿದ್ದು ಬಾರದೆ ಉಳಿದವರ ಕಾಲುಗಳು ಏನಾದವೆಂದು ನನಗೆ ಗೊತ್ತಿಲ್ಲ. ನಿಜ ಹೇಳಿದ್ದರಿಂದ ಎಲ್ಲವೂ ನೆಟ್ಟಗಾಯಿತೆಂದು ಬರೆದರೆ ಇದೂ ಇನ್ನೊಂದು ಹೊತ್ತಗೆಯಾದೀತು. ಸಭೆಯಲ್ಲಿಯೂ ನನ್ನ ಜಾಗ ಅಗಲವಾಯಿತು. ನಾನು ಕೂತರೆ ಎರಡೂ ಕಡೆಯವರು ಸ್ವಲ್ಪ ಸರಿಯುತ್ತಿದ್ದರು. ನಮ್ಮ ಮಾತನ್ನು ಹೊರಗಿನವರಿಗೆ ಹೇಳಿಬಂದವನು ಎಂಬ ಸಿಟ್ಟು. ಮೂರ್ನಾಲ್ಕು ರವಿವಾರ ಊಟಕ್ಕೆ ಕೂತೆ, ಆಮೇಲೆ ಆರಾಧನೆ ಮುಗಿದ ಕೂಡಲೇ ಎದ್ದು ಬರುವುದನ್ನು ರೂಢಿ ಮಾಡಿಕೊಂಡೆ.

ರೋಗಿಗಳು ಬಾರದಿದ್ದಾಗ ನಾನೇ ರೋಗದ ಬೆನ್ನು ಹತ್ತಿದೆ. ಮೊದಲ ಹಾಳೆಗಳಿಲ್ಲದ ಒಂದು ಇಂಗ್ಲಿಷ್ ವೈದ್ಯಪುಸ್ತಕವನ್ನು ತಿಂಗಳುಗಟ್ಟಲೆ ಬಿಡಿಸಿ ಓದಿ, ಈ ಹುಳದ ಬೀಜ ನೀರಿನ ಸಣ್ಣ ಕ್ರಿಮಿಗಳೊಳಗಿದ್ದು, ಆ ನೀರು ಕುಡಿದವರ ಹೊಟ್ಟೆ ಸೇರುತ್ತದೆಂದು ತಿಳಿದುಕೊಂಡೆ. ನಾರುಹುಣ್ಣಿನ ಕಾಲನ್ನು ನೀರಿಗಿಟ್ಟರೆ ಬೀಜ ಮತ್ತೆ ನೀರಿಗಿಳಿಯುತ್ತದೆ. ಆಗ ಒಂದು ಸಂಗತಿ ಹೊಳೆಯಿತು. ಊರವರದು ಮೆಟ್ಟಿಲಿಳಿದು ಹೋಗುವ ಪಾವಟಿಗೆಗಳ ಬಾವಿ. ಎಲ್ಲರೂ ಮೊಣಕಾಲುದ್ದ ನೀರಿಗಿಳಿದು ಕೊಡ ತುಂಬುತ್ತಿದ್ದರು. ಆ ಪಾವಟಿಗೆಗಳನ್ನು ನಾವು ತುಳಿಯುವಂತಿರಲಿಲ್ಲವಾದ್ದರಿಂದ ನಮ್ಮ ಕೇರಿಯವರು ಇಕ್ಕಟ್ಟಾದ ಬಾವಿ ತೋಡಿಕೊಂಡು ಹಗ್ಗ ಹಾಕಿ ಸೇದುತ್ತಿದ್ದರು. ಕೇರಿಯಲ್ಲಿ ನಾರುಹುಣ್ಣು ತೀರ ಅಪರೂಪ. ನಮ್ಮನ್ನು ದೂರವಿಟ್ಟ ನೀರೇ ರೋಗದ ನೀರು. ಇದನ್ನು ಕಂಡುಕೊಂಡಾಗ ನನಗೆ ಒಂದು ಗಳಿಗೆ ಕೆಟ್ಟ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ನಲವತ್ತರ ದಶಕದ ಬಹುಭಾಗ ಯಲಬುರ್ಗಾ, ಕುಷ್ಟಗಿ, ಕೊಪ್ಪಳದ ಸೀಮೆಯ ಊರುಗಳಲ್ಲಿ ಬಾವಿಯಿಂದ ಬಾವಿಗೆ ನಡೆದೆ. ಇಳಿಯುವಂತಿಲ್ಲ, ಮೇಲೆ ನಿಂತೇ ಹೇಳಬೇಕು. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳಿವೆ, ಬಟ್ಟೆಯಿಂದ ಸೋಸಿ ಕುಡಿಯಿರಿ ಎಂದರೆ ಹೆಂಗಸರು ನಗುತ್ತಿದ್ದರು. "ಕಂಪೌಂಡರ್ ಮಾವಾ, ಕಾಣದ ಹುಳಾ ನಿನಗಷ್ಟ ಹ್ಯಾಂಗ ಕಂಡಾವು? ನಮ್ಮ ಅತ್ತಿಗೂ ಹಿಂಗ ಇಲ್ಲದ್ದು ಕಾಣತಾವ," ಎಂದು ಒಬ್ಬಳು ಅಂದದ್ದು ನೆನಪಿದೆ. ಕುಷ್ಟಗಿಯ ಹತ್ತಿರದ ಒಂದೂರಿನಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟಾಯಿತು. ಜೀವಗಳಿವೆ ಎಂದ ಕೂಡಲೇ ಮಾಂಸ ಮುಟ್ಟದ ನೇಮನಿಷ್ಠೆಯ ಹಿರಿಯರು ಗಾಬರಿಯಾಗಿ ಆ ಬಾವಿಯನ್ನೇ ಬಿಡಿಸಿ, ಜನರನ್ನು ಹಳ್ಳದ ಹೊಲಸು ನೀರಿಗೆ ಕಳಿಸಿದರು. ಮನೆಮನೆಯಲ್ಲಿ ಭೇದಿ. ಮತ್ತೆ ಹೋಗಿ, ಬೈಗಳು ತಿಂದು, ಸೋಸಿದರೆ ಜೀವ ಬಟ್ಟೆಯಲ್ಲೇ ಉಳಿಯುತ್ತದೆ, ನಿಮ್ಮ ನೇಮವೂ ಉಳಿಯುತ್ತದೆ ಎಂದು ಒಪ್ಪಿಸಬೇಕಾಯಿತು. ಆಮೇಲೆ ಎಲ್ಲ ಕಡೆಯೂ ಅದೇ ಮಾತನ್ನು ಮೊದಲು ಹೇಳಿದೆ. ರೋಗದ ಹೆದರಿಕೆಗಿಂತ ಅದು ಬೇಗ ನಾಟುತ್ತಿತ್ತು.

ಸೋಸಲು ಒತ್ತಾದ ನೇಯ್ಗೆಯ ಬಟ್ಟೆ ಬೇಕಿತ್ತು. ಅಂಗಡಿಯ ಬಟ್ಟೆ ತೆಳುವು. ನಾಗವ್ವನ ಬಾಗಿಲಿಗೆ ಹೋಗಿ ಕೇಳಿದೆ. ಅವರು ಯಾವ ಕೆಲಸಕ್ಕೆಂದು ಕೇಳಿ ತಿಳಿದುಕೊಂಡರು, ಎಷ್ಟು ಒತ್ತಾಗಿರಬೇಕೆಂದು ಕೇಳಿದರು, ಅಷ್ಟೇ. ಹದಿನೈದು ದಿನಕ್ಕೊಮ್ಮೆ ನೇಯ್ದ ತುಂಡುಗಳನ್ನು ಮಡಚಿ ಹೊಸ್ತಿಲ ಮೇಲಿಡುತ್ತಿದ್ದರು. ನಾನು ತೆಗೆದುಕೊಂಡು ಹೋಗುತ್ತಿದ್ದೆ. ಸಂಗಪ್ಪ ತೀರಿಹೋಗುವವರೆಗೂ, ಆಮೇಲೆಯೂ ಹಾಗೆಯೇ ನಡೆಯಿತು. ಅಷ್ಟು ವರ್ಷಗಳಲ್ಲಿ ಆ ಮನೆಯಿಂದ ನನಗೆ ಕೂರಿರೆಂಬ ಮಾತು ಬರಲಿಲ್ಲ. ನಾನೂ ನಿರೀಕ್ಷಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಈ ಕೆಲಸಕ್ಕೆ ಈಗ ಕಾಲಿಡುವ ಮೂವರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಯಾರ ಸೇವೆ ಎಂಬ ಪ್ರಶ್ನೆ ಬರುವಾಗ ದೇವರು ಇತ್ತ, ಲೋಕ ಅತ್ತ ಎಂದು ಹೆಸರು ಬರೆದುಕೊಂಡು ಬರುವುದಿಲ್ಲ. ನನ್ನ ಪಾಲಿಗೆ ಅದು ಕಟ್ಟೆಯ ಮೇಲೆ ಕಾಯಲು ಒಪ್ಪಿದ ಒಬ್ಬ ರೋಗಿಯಾಗಿ ಬಂತು. ನಾನು ಗುರುತಿಸಲಿಲ್ಲ. ಆರಿಸಿಕೊಂಡೆ ಎಂದು ಹೇಳಬಹುದಾದ ದಿನವೊಂದಿದ್ದರೆ ಅದು ನಾಲ್ಕು ತಿಂಗಳು ತಡವಾಗಿ ಬಂತು, ಅದೂ ರವಿವಾರವಲ್ಲ, ವಾರದ ನಡುವಿನ ಒಂದು ಸಾದಾ ದಿನ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿರಿ. ಹೊತ್ತಗೆ ಬರೆದವರು ಕೂತು ಬರೆದ ಕೋಣೆಯ ಕಪಾಟಿನಲ್ಲಿಯೇ ಸಭೆಯ ಹಿರಿಯರ ನಡಾವಳಿ ಪುಸ್ತಕವಿದೆ. ಆ ವರ್ಷದ ಹಾಳೆಗಳಲ್ಲಿ ಅಯ್ಯನವರ ಕೈಬರಹದಲ್ಲಿ ಒಂದು ಟಿಪ್ಪಣಿ ಸಿಗುತ್ತದೆ: ದಾನಿಯೇಲಪ್ಪನನ್ನು ಉಪದೇಶಕನನ್ನಾಗಿ ಮಾಡುವ ಶಿಫಾರಸನ್ನು ಹಿಂದಕ್ಕೆ ಪಡೆಯಲಾಗಿದೆ, ಕಾರಣ, ದವಾಖಾನೆಯ ಕೆಲಸದಲ್ಲಿ ಆದ ತಪ್ಪನ್ನು ಹಿರಿಯರ ಅಪ್ಪಣೆಯಿಲ್ಲದೆ ಹೊರಗಿನವರ ಮುಂದೆ ಒಪ್ಪಿಕೊಂಡಿದ್ದಾನೆ. ಕೇಳಿದವರಿಗೆ ತೋರಿಸುತ್ತಾರೆ, ನಾನು ಹೋಗಿ ನೋಡಿಕೊಂಡು ಬಂದಿದ್ದೇನೆ.

ನಾಗವ್ವ ಈಗ ಯಲಬುರ್ಗಾದಲ್ಲಿ ತಮ್ಮ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ನೆನಪು ಗಟ್ಟಿಯಾಗಿದೆ. ಹೋಗಿ ಕೇಳಿರಿ; ಆ ದಿನಗಳನ್ನು ಅವರು ಯಾರಿಗೂ ಮುಚ್ಚಿಟ್ಟಿಲ್ಲ. ಅವರು ಹೇಳುವುದಕ್ಕೂ ನಾನು ಇಲ್ಲಿ ಬರೆದದ್ದಕ್ಕೂ ಎಲ್ಲಿಯಾದರೂ ತಾಳೆಯಾಗದಿದ್ದರೆ ನನ್ನ ಸಾಲನ್ನು ಹೊಡೆದುಹಾಕಿ ಅವರದನ್ನು ಬರೆದುಕೊಳ್ಳಿರಿ.